ಲಕ್ಸರಿನ ಕಾಗೆ

ನೈಲ್ ನದಿಯ ಪಶ್ಚಿಮ ದಡದಲ್ಲಿ, ಲಕ್ಸರ್ ನಗರದ ಎದುರಿಗೆ, ಹಳೆಯ ದೊರೆಯೊಬ್ಬನ ಗುಡಿ ಇದೆ. ಗುರುಗಳೂ ಅವರ ಶಿಷ್ಯೆ ವನಮಾಲೆಯೂ ಅಲ್ಲಿಗೆ ಬಂದಾಗ ಬಿಸಿಲು ಇಳಿಯುತ್ತಿತ್ತು.

ಈ ಊರನ್ನು ನೋಡಬೇಕೆಂದು ವನಮಾಲೆಯ ಪತಿ ನರಹರಿರಾಯರು ಜೀವಮಾನವಿಡೀ ಹೇಳುತ್ತಿದ್ದರು. ನೋಡದೆ ತೀರಿಕೊಂಡರು.

ಅವರ ಉತ್ತರಕ್ರಿಯೆಯ ದಿನ ಪಿಂಡವನ್ನು ಕಾಗೆ ಮುಟ್ಟಲಿಲ್ಲ. ಏನೋ ಆಸೆ ಉಳಿದಿದೆ ಎಂದರು ಹಿರಿಯರು. ಮಗಳ ಮದುವೆ ಮಾಡುತ್ತೇವೆ, ತಮ್ಮನನ್ನು ನೋಡಿಕೊಳ್ಳುತ್ತೇವೆ ಎಂದು ಬಂಧುಗಳೆಲ್ಲ ಕೈಮುಗಿದು ಮಾತು ಕೊಟ್ಟರು. ಕಾಗೆ ತೆಂಗಿನ ಮರದಿಂದ ಇಳಿಯಲಿಲ್ಲ. ಕೊನೆಗೆ ಪುರೋಹಿತರು ದರ್ಭೆಯ ಕಾಗೆ ಮಾಡಿ ಮುಟ್ಟಿಸಿದರು.

“ಮುಟ್ಟಿತು!” ಎಂದು ಯಾರೂ ಕೂಗಲಿಲ್ಲ. ಆ ಒಂದು ಮಾತಿಗಾಗಿ ವನಮಾಲೆ ಅಂದಿನಿಂದ ಕಾಯುತ್ತಿದ್ದಳು.

ಮಾರ್ಗದರ್ಶಿ ಯೂಸುಫ್ ಅವರನ್ನು ಒಳಗೆ ಕರೆದೊಯ್ದ. ಚಾವಣಿ ಬಿದ್ದುಹೋದ ಕೋಣೆ. ಗೋಡೆಯ ಕಲ್ಲಿನಲ್ಲಿ ಒಂದು ಬಾಗಿಲನ್ನು ಕೆತ್ತಿದ್ದರು. ಹೊಸ್ತಿಲಿತ್ತು, ಚೌಕಟ್ಟಿತ್ತು. ತೆರೆಯಲು ಏನೂ ಇರಲಿಲ್ಲ.

“ಸತ್ತವರು ಬಂದುಹೋಗುವ ಬಾಗಿಲು, ಮೇಡಂ. ಇದರ ಮುಂದೆ ದಿನವೂ ರೊಟ್ಟಿ ಇಡುತ್ತಿದ್ದರು.”

“ತಿನ್ನುತ್ತಿದ್ದವರು ಯಾರು?” ಎಂದರು ಗುರುಗಳು.

“ಪೂಜಾರಿಗಳು, ಸ್ವಾಮಿ.”

“ಸರಿ. ನಮ್ಮೂರಿನ ಹಾಗೇ.”

ಯೂಸುಫ್ ನಕ್ಕ. ವನಮಾಲೆ ನಗಲಿಲ್ಲ. ಹೊಸ್ತಿಲ ಮುಂದೆ ಕರವಸ್ತ್ರ ಹಾಸಿ, ಡಬ್ಬಿಯಿಂದ ಒಂದು ಕೋಡುಬಳೆ ತೆಗೆದು ಇಟ್ಟಳು.

“ಅವರಿಗೆ ಇದೆಂದರೆ ಪ್ರಾಣ, ಗುರುಗಳೇ.”

ಮುರಿದ ಗೋಡೆಯ ಮೇಲೆ ಒಂದು ಕಾಗೆ ಬಂದು ಕುಳಿತಿತು. ತಲೆ ಕಪ್ಪು, ಮೈ ಬೂದು.

“ಬೂದಿ ಬಳಿದುಕೊಂಡಿದೆ. ನನಗಿಂತ ದೊಡ್ಡ ಸಂನ್ಯಾಸಿ,” ಎಂದರು ಗುರುಗಳು.

ವನಮಾಲೆ ಕೈಮುಗಿದಳು. “ರೀ, ನೀವು ಹೇಳ್ತಿದ್ದ ಊರಿಗೆ ಬಂದಿದ್ದೀನಿ. ನಿಮ್ಮ ಆಸೆ ತೀರಿತಲ್ಲ. ಮುಟ್ಟಿ.”

ಕಾಗೆ ಕತ್ತು ಓರೆ ಮಾಡಿ ನೋಡಿತು. ಆಮೇಲೆ ನದಿಯ ಕಡೆಗೆ ಹಾರಿಹೋಯಿತು.

ಅವಳು ಕಲ್ಲಿನ ಬಾಗಿಲಿನ ಹತ್ತಿರ ಕಿವಿಯಿಟ್ಟಳು.

“ಏನು ಕೇಳುತ್ತೆ?” ಎಂದರು ಗುರುಗಳು.

“ಏನೂ ಇಲ್ಲ. ಬೆಳಗ್ಗೆ ಪೇಪರ್ ಮಡಿಸೋ ಸದ್ದು ಕೇಳಿದ್ದರೂ ಸಾಕಿತ್ತು.”

ಗುಡಿ ಮುಚ್ಚುವ ಹೊತ್ತಾಯಿತು ಎಂದು ಯೂಸುಫ್ ಹೊರಗಿನಿಂದ ಕೂಗಿದ.

“ನೀವು ಹೊರಡಿ, ಗುರುಗಳೇ. ಇನ್ನೂ ಯಾವ ಆಸೆ ಉಳಿದಿದೆ ಅಂತ ತಿಳಿಯೋವರೆಗೆ ನಾನು ಏಳೋಲ್ಲ.”

ಗುರುಗಳು ಹೊರಡಲಿಲ್ಲ. ಅವಳ ಪಕ್ಕದಲ್ಲಿ ನೆಲದ ಮೇಲೆ ಕುಳಿತರು.

“ಅವರ ಆಸೆ ಏನು ಅಂತ ಎಲ್ಲರೂ ಕೇಳಿದಿರಿ. ನಿನ್ನದು?”

“ನನ್ನದೇನಿದೆ?”

ಬಿಸಿಲು ಗೋಡೆಯ ತುದಿಗೆ ಏರಿತು.

“ಅವರು ಹೋಗಬಾರದು,” ಎಂದಳು ವನಮಾಲೆ. “ಅಷ್ಟೇ.”

ಗುರುಗಳು ಕೋಡುಬಳೆಯನ್ನು ಎತ್ತಿಕೊಂಡು ಎರಡಾಗಿ ಮುರಿದರು.

“ಗುರುಗಳೇ! ಅದು ಅವರಿಗೆ ಇಟ್ಟದ್ದು!”

“ಹೌದು.” ಒಂದು ಅರ್ಧವನ್ನು ಅವಳ ಮುಂದೆ ಹಿಡಿದರು. “ತಿನ್ನು.”

“ನಾನು ತಿನ್ನಬಾರದು. ಅವರು ಹೋದ ಮೇಲೆ ಕಾಶಿಯಲ್ಲಿ ಕೋಡುಬಳೆ ಬಿಟ್ಟುಬಂದಿದ್ದೀನಿ.”

“ಕಾಶಿಯಲ್ಲಿ ಪ್ರಿಯವಾದದ್ದನ್ನು ಬಿಡ್ತಾರೆ. ನಿನಗೂ ಪ್ರಿಯವೋ?”

“ಡಬ್ಬಿಯ ಕೊನೆಯದಕ್ಕೆ ದಿನಾ ಜಗಳ ಆಡ್ತಿದ್ವಿ.”

“ಗೆಲ್ತಿದ್ದವರು ಯಾರು?”

ವನಮಾಲೆ ಗುರುಗಳ ಕೈಯಲ್ಲಿದ್ದ ಮುರಿದ ಅರ್ಧವನ್ನು ನೋಡಿದಳು.

“ಹೀಗೇ,” ಎಂದಳು. “ಅರ್ಧ ಮುರಿದು ಕೊಡ್ತಿದ್ರು.”

ಗುರುಗಳ ಕೈ ಚಾಚಿದಂತೆಯೇ ಇತ್ತು.

“ಕಾಶಿಗೆ ನಾನು ಹೇಳಿಕೊಳ್ತೀನಿ. ತಗೋ.”

ಅವಳು ತೆಗೆದುಕೊಂಡಳು. ಕಚ್ಚಿದಳು. ಕಲ್ಲಿನ ಕೋಣೆಯಲ್ಲಿ ಕಟಕ್ ಎಂದು ಸದ್ದಾಯಿತು. ಕಣ್ಣೀರು ಗಲ್ಲಕ್ಕಿಳಿಯಿತು. ಅವಳು ಅಗಿಯುತ್ತಲೇ ಇದ್ದಳು.

ಗುರುಗಳು ಇನ್ನರ್ಧವನ್ನು ಹೊಸ್ತಿಲ ಮುಂದೆ ಇಟ್ಟು ಎದ್ದು ನಿಂತರು.

“ಮುಟ್ಟಿತು,” ಎಂದರು.