ಮುಳುಗಿದವರು ಹಾಕಿದ ಕಾಳು

ಕಥೆ ಕೇಳುವವರು ಹತ್ತಿರ ಬನ್ನಿ. ತೂಕಡಿಸುವವರು ಎದ್ದು ಮುಖ ತೊಳೆದು ಬನ್ನಿ.

ಒಂದು ಸೀಮೆಯಲ್ಲಿ ಒಂದು ಹೊಳೆ. ಹೊಳೆಯ ಈಚೆ ದಡದಲ್ಲಿ ಒಂದು ಊರು. ಸಂತೆ ಆಚೆ ದಡದಲ್ಲಿ, ಎಣ್ಣೆಯ ಗಾಣ ಆಚೆ ದಡದಲ್ಲಿ, ಹೆರಿಗೆ ಮಾಡಿಸುವ ಸೂಲಗಿತ್ತಿಯೂ ಆಚೆ ದಡದಲ್ಲಿ. ನಡುವೆ ಇದ್ದದ್ದು ಒಂದೇ ದೋಣಿ. ಆ ದೋಣಿ ಯಾರ ಕೈಯಲ್ಲೋ ಊರು ಅವರ ಕೈಯಲ್ಲಿ.

ಅರಸ ಇದನ್ನು ಬಲ್ಲವನು. ದೋಣಿಯ ಯಜಮಾನನನ್ನು ಊರಿನವರೇ ಆರಿಸಬೇಕೆಂದು ಕಟ್ಟಳೆ ಮಾಡಿದ್ದ. ಗಂಡಾಗಲಿ ಹೆಣ್ಣಾಗಲಿ, ಪ್ರಾಯಕ್ಕೆ ಬಂದವರಿಗೆ ತಲೆಗೊಂದು ಅವರೆಕಾಳು. ತಳವಾರ ಹೆಸರು ಕೂಗಬೇಕು. ಆ ಹೆಸರಿನವರು "ಇದ್ದೀನಿ" ಎಂದು ಮುಂದೆ ಬಂದು, ತಮಗೆ ಬೇಕಾದವರ ಮಡಕೆಗೆ ಕಾಳು ಹಾಕಬೇಕು.

ಆಗಿನ ಯಜಮಾನ ಸಂಪಗೌಡ. ಅವನ ದೋಣಿಯ ಹಲಗೆ ಕೊಳೆತಿತ್ತು. ಬಡಗಿ ಮಾದಾಚಾರಿ ಒಮ್ಮೆ ಹೇಳಿದ, ಎರಡನೆಯ ಸಲ ಹೇಳಿದ, ಮೂರನೆಯ ಸಲ ಕೈಮುಗಿದು ಹೇಳಿದ.

"ಹಲಗೆ ಬದಲಾಯಿಸಿ ಗೌಡರೇ. ಅಲ್ಲಿವರೆಗೆ ಜನ ಕಡಿಮೆ ಹತ್ತಿಸಿ."

"ನೀನು ಮಂಚ ಮಾಡು ಆಚಾರಿ. ದೋಣಿ ನನಗೆ ಬಿಡು."

ಆಷಾಢದ ನೆರೆಯಲ್ಲಿ, ಸಂತೆಯ ದಿನ, ಆ ದೋಣಿ ನಡುಹೊಳೆಯಲ್ಲಿ ಬಾಯಿಬಿಟ್ಟಿತು. ಹೋದವರಲ್ಲಿ ಹಲವರ ಹೆಣವೂ ಸಿಗಲಿಲ್ಲ.

ಕೆಂಚಾಜಮ್ಮನ ಗಂಡ ಗುಡ್ಡಯ್ಯ ಹೋದ. ಮುದುಕಿ ಪುಟ್ನಂಜಿಯ ಒಬ್ಬನೇ ಮಗ ಹಲಗ ಹೋದ. ಕೆಂಚಾಜಮ್ಮನ ಪಕ್ಕದ ಮನೆಯ ಹೊನ್ನಿ ಹೋದಳು, ಚಿಕ್ಕಿ ಎಂಬ ಪುಟ್ಟ ಮಗಳನ್ನು ಬಿಟ್ಟು. ಆ ಮಗುವನ್ನು ಕೆಂಚಾಜಮ್ಮನೇ ಮನೆಗೆ ಕರೆತಂದಳು. "ನಮ್ಮವ್ವ ಎಲ್ಲಿ?" ಎಂದು ಮಗು ಕೇಳಿದಾಗ ನಿಜ ಹೇಳಲು ಅವಳಿಗೆ ನಾಲಿಗೆ ಏಳಲಿಲ್ಲ.

"ಆಚೆ ದಡಕ್ಕೆ ಹೋಗಿದ್ದಾಳೆ ಕಂದ. ಬರ್ತಾಳೆ."

ಅದೇ ವರ್ಷ ಕಾಳು ಹಾಕುವ ದಿನ ಬಂತು. ಸಂಪಗೌಡನ ಎದುರು ಮಾದಾಚಾರಿ ನಿಂತ. ಮುಳುಗಿದವರ ಮನೆಯವರೆಲ್ಲ ಆಚಾರಿಯ ಕಡೆಗೇ ಎಂದು ಗೌಡನಿಗೆ ಗೊತ್ತಿತ್ತು. ಅವನು ತಳವಾರನ ಕಿವಿಯಲ್ಲಿ ಏನೋ ಹೇಳಿದ.

ಕೆಂಚಾಜಮ್ಮ ಚಿಕ್ಕಿಯನ್ನು ಸೊಂಟದ ಮೇಲೆ ಕೂರಿಸಿಕೊಂಡು ಬೆಳಿಗ್ಗೆಯೇ ಬಂದಳು. ಅವಳ ಓಣಿಯವರ ಹೆಸರು ಒಂದೊಂದಾಗಿ ಕೂಗಿದರು. ಅವಳ ಹೆಸರು ಮಾತ್ರ ಬರಲಿಲ್ಲ.

"ತಳವಾರಣ್ಣ, ನನ್ನ ಹೆಸರು?"

"ಯಜಮಾನನಿಲ್ಲದ ಮನೆಗೆ ಕಾಳಿಲ್ಲ ಕೆಂಚಕ್ಕ. ಹೊಸ ಕಟ್ಟಳೆ."

ಅವಳು ಸಂಪಗೌಡನ ಹತ್ತಿರ ಹೋದಳು. "ಗೌಡರೇ, ಇದು ಯಾವ ನ್ಯಾಯ?"

"ಗಂಡನ ಜೊತೆ ನಿನ್ನ ಕಾಳೂ ಹೊಳೆಗೆ ಹೋಯ್ತು. ಹೋಗಿ ಹುಡುಕು."

ಸುತ್ತ ನಿಂತವರು ನಗಲಿಲ್ಲ. ಹಾಗೆಂದು ಬಾಯೂ ಬಿಡಲಿಲ್ಲ. ನಾಳೆ ದೋಣಿ ಹತ್ತಬೇಕಲ್ಲ!

ಕೊನೆಗೆ ಅವಳು, ಕಾಳು ಹಂಚಲು ಅರಸ ಕಳಿಸಿದ ಅಧಿಕಾರಿಗೆ ಕೈಮುಗಿದಳು.

"ಊರಿನವರೇ ಒಪ್ಪಿದ ಕಟ್ಟಳೆಯಂತೆ ತಾಯಿ," ಎಂದ ಅವನು. "ನಾನು ಇಲ್ಲಿಗೆ ಹೊಸಬ. ತಳವಾರ ಕೂಗಿದವರಿಗೆ ಕಾಳು ಕೊಡುತ್ತೇನೆ."

ಅವಳು ಹೋಗಿ ಗೋಡೆಯ ನೆರಳಿನಲ್ಲಿ ಕೂತಳು. ಆಗ ತಳವಾರ ಕೂಗಿದ.

"ಗುಡ್ಡಯ್ಯ!"

"ಇದ್ದೀನಿ."

ಕೆಂಚಾಜಮ್ಮ ಧಡಕ್ಕನೆ ಎದ್ದು ನಿಂತಳು. ಬುದ್ಧಿಗೆ ಗೊತ್ತಿದ್ದದ್ದು ಕಾಲಿಗೆ ಗೊತ್ತಿರಲಿಲ್ಲ. ತಲೆಗೆ ವಸ್ತ್ರ ಸುತ್ತಿದ ಯಾರೋ ಪರಊರಿನವನು ಮುಂದೆ ಬಂದು, ಸಂಪಗೌಡನ ಮಡಕೆಗೆ ಕಾಳು ಹಾಕಿದ. ಗಂಡನನ್ನು ಮುಳುಗಿಸಿದವನಿಗೆ ಗಂಡನ ಹೆಸರಿನಲ್ಲೇ ಕಾಳು! ಕೂಗಿಕೊಂಡರೆ ಹುಚ್ಚಿ ಎನ್ನುತ್ತಾರೆ. ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡು, ಮಗುವನ್ನು ಎತ್ತಿಕೊಂಡು, ನೇರ ಹೋಗಿ ಆ ಗಂಡಸಿನ ತೋಳು ಹಿಡಿದಳು.

"ಇವ್ರೇ, ಬಂದ್ರಾ? ಮನೆಗೆ ನಡೀರಿ, ಮುದ್ದೆ ಆರ್ತಾ ಇದೆ."

"ಯಾರಮ್ಮ ನೀನು?"

"ಕೇಳಿದ್ರಾ ಸ್ವಾಮಿ? ಒಂದು ಮಳೆಗಾಲ ಕಳೆಯೋದ್ರೊಳಗೆ ಕಟ್ಟಿಕೊಂಡವಳನ್ನೇ ಮರೆತುಬಿಟ್ರು." ಅವಳು ಅಧಿಕಾರಿಯ ಕಡೆ ತಿರುಗಿದಳು. "ಇವರು ಗುಡ್ಡಯ್ಯನೇ ಆದರೆ ನನ್ನ ಮನೆಗೆ ಯಜಮಾನ ಇದ್ದಾನೆ, ನನ್ನ ಕಾಳು ಕೊಡಿ. ಅಲ್ಲದಿದ್ದರೆ ಈಗ ಬಿದ್ದ ಕಾಳು ಯಾರದು, ಕೇಳಿ."

ಅಧಿಕಾರಿ ಸಂಪಗೌಡನ ಮುಖ ನೋಡಿದ. ಒಂದು ಕಾಳು ಹೋದರೆ ಹೋಗಲಿ ಎಂದುಕೊಂಡ ಗೌಡ.

"ಗುಡ್ಡಯ್ಯನೇ ಸ್ವಾಮಿ. ನೀರು ಕುಡಿದು ತಲೆ ಮಂಕಾಗಿದೆ. ಅವಳಿಗೂ ಒಂದು ಕೊಡಿ."

"ಹಲಗ!" ಎಂದು ತಳವಾರ ಕೂಗಿದ.

"ಇದ್ದೀನಿ."

ಈಗ ಪುಟ್ನಂಜಿ ಕೋಲೂರಿಕೊಂಡು ಎದ್ದಳು. ಬಂದವನ ಮುಖವನ್ನು ಎರಡು ಕೈಯಲ್ಲೂ ಸವರಿದಳು. "ನನ್ನ ಮಗನ ಗಲ್ಲದ ಮೇಲೆ ಗಾಯದ ಗುರುತಿತ್ತು. ಹೊಳೆ ಅದನ್ನೂ ತೊಳೀತೇನಪ್ಪ?"

ಜನ ಗುಜುಗುಜು ಎಂದರು. ಗೌಡ ನಡುವೆ ಬಾಯಿ ಹಾಕಿದ. "ಮುದುಕಿಗೂ ಕೊಡಿ ಸ್ವಾಮಿ, ಕೊಟ್ಟುಬಿಡಿ."

ತಳವಾರನ ದನಿ ಇಳಿಯಿತು. ಆದರೂ ಕೂಗಿದ. "ಹೊನ್ನಿ."

"ಇದ್ದೀನಿ."

ತಲೆತುಂಬ ಸೆರಗು ಹೊದ್ದ ಹೆಂಗಸೊಬ್ಬಳು ಮುಂದೆ ಬಂದಳು. ಕೆಂಚಾಜಮ್ಮ ಬಾಯಿ ತೆರೆಯುವಷ್ಟರಲ್ಲಿ ಸೊಂಟದಿಂದ ಚಿಕ್ಕಿ ಜಾರಿದ್ದಳು. ಇದನ್ನು ಅವಳು ಎಣಿಸಿರಲಿಲ್ಲ.

"ಅವ್ವಾ!" ಮಗು ಓಡಿಹೋಗಿ ಆ ಹೆಂಗಸಿನ ಮೊಣಕಾಲು ತಬ್ಬಿತು. "ಆಚೆ ದಡದಿಂದ ಬಂದ್ಯಾ ಅವ್ವ? ದೊಡ್ಡವ್ವ ಹೇಳಿದ್ಳು, ನೀನು ಬರ್ತೀಯ ಅಂತ."

ಆ ಹೆಂಗಸಿನ ಕೈಯಿಂದ ಕಾಳು ನೆಲಕ್ಕೆ ಬಿತ್ತು. ಅವಳು ಕೂತು ಮಗುವಿನ ತಲೆ ನೇವರಿಸಿದಳು.

"ನಾನು ನಿಮ್ಮವ್ವ ಅಲ್ಲ ಮಗಾ. ನಾನು ಗುಡ್ಡದ ಕಡೆಯವಳು. ಗೌಡರು ಕೊಳಗ ರಾಗಿ ಕೊಡ್ತೀನಿ ಅಂದ್ರು, ಬಂದೆ. ಮನೇಲಿ ನನಗೂ ನಿನ್ನಂಥದ್ದೊಂದು ಇದೆ."

ಆಗ ಊರಿನ ಬಾಯಿ ತೆರೆಯಿತು. ಮೊದಲು ಒಬ್ಬ, ಆಮೇಲೆ ಇಬ್ಬರು, ಆಮೇಲೆ ಎಲ್ಲರೂ ಒಟ್ಟಿಗೆ ನಿಜ ಹೇಳಿದರು. ಅಧಿಕಾರಿ ತಲೆತಗ್ಗಿಸಿ ಎರಡು ಮಡಕೆಗಳನ್ನೂ ಬೋರಲು ಹಾಕಿಸಿದ. ಮತ್ತೆ ಮೊದಲಿನಿಂದ ಹೆಸರು ಕೂಗಿದರು. ಈ ಸಲ ಮುಳುಗಿದವರ ಮನೆಯ ಒಬ್ಬರೂ ತಪ್ಪಲಿಲ್ಲ. ಮಾದಾಚಾರಿ ಗೆದ್ದ. ಸಂಪಗೌಡ ಇನ್ನು ಯಾವ ದೋಣಿಗೂ ಕೈ ಹಾಕಕೂಡದೆಂದೂ, ಹೊಳೆ ದಾಟಬೇಕಾದಾಗ ಎಲ್ಲರೂ ಹತ್ತಿದ ಮೇಲೆ ಬೇಡಿಕೊಂಡು ಹತ್ತಬೇಕೆಂದೂ ಅರಸ ತೀರ್ಪು ಕೊಟ್ಟ.

ಕೆಂಚಾಜಮ್ಮನೂ ತನ್ನ ಕಾಳು ಹಾಕಿದಳು. ಆಮೇಲೆ ಚಿಕ್ಕಿಯ ಕೈ ಹಿಡಿದು ಮನೆಯ ದಾರಿ ಹಿಡಿದಳು. ಅರ್ಧ ದಾರಿಯಲ್ಲಿ ಮಗು ನಿಂತುಬಿಟ್ಟಿತು.

"ಹಾಗಾದರೆ ನಮ್ಮವ್ವ ಯಾವಾಗ ಬರೋದು ದೊಡ್ಡವ್ವ?"

ಊರಿಗೆಲ್ಲ ನಿಜ ಹೇಳಿಸಿದವಳು ಈಗ ಸುಳ್ಳಾಡುವ ಹಾಗಿರಲಿಲ್ಲ. ಅವಳು ದಾರಿಯ ಬದಿಯಲ್ಲೇ ಕೂತು ಮಗುವನ್ನು ಮಡಿಲಿಗೆ ಎಳೆದುಕೊಂಡಳು.

"ಬರೋದಿಲ್ಲ ಕಂದ. ಹೊಳೆ ತಗೊಂಡು ಹೋಯ್ತು."

"ದೊಡ್ಡಪ್ಪನೂ?"

"ಅವರೂ ಬರೋದಿಲ್ಲ."

ಇಬ್ಬರೂ ಬಹಳ ಹೊತ್ತು ಅಲ್ಲಿಯೇ ಅತ್ತರು.

ಆದ್ದರಿಂದ ನೆನಪಿಡಿ: ಸತ್ತವರಿಂದ ಮಾತಾಡಿಸುವವನು ಮೊದಲು ಬದುಕಿರುವವರ ಬಾಯಿ ಮುಚ್ಚಿಸಿರುತ್ತಾನೆ. ನೆರೆಯವಳ ಹೆಸರು ಕೂಗದೆ ಬಿಟ್ಟ ದಿನ ನೀವು ಸುಮ್ಮನೆ ನಿಂತರೆ, ಆ ಪಾಪದಲ್ಲಿ ನಿಮಗೂ ಪಾಲಿದೆ.