ಚೀಲ ಮತ್ತು ಸವೆದ ಬ್ರೇಕ್

ಮರುದಿನ ರೇಸ್ ಟ್ರ್ಯಾಕಿನಲ್ಲಿ ಬೈಕ್ ಓಡಿಸಲು ಹೊರಟಿದ್ದ ವಿಲ್ಮಾ ಬೆಳಗಿನಿಂದ ಚೀಲ ತುಂಬುತ್ತಲೇ ಇದ್ದಳು. ಮೂರು ಜೊತೆ ಕೈಗವಸು, ಎರಡು ಕ್ಯಾಮೆರಾ, ಮಡಿಸುವ ಕುರ್ಚಿ ಎಲ್ಲವೂ ಒಳಗೆ ಹೋದವು.

"ಇನ್ನೇನಾದರೂ ಉಳಿಯಿತೇ?" ಎಂದು ಚೀಲ ಬೀಗಿತು.

"ನಾನು ಉಳಿದಿದ್ದೇನೆ," ಎಂದಿತು ಬೈಕಿನ ಬ್ರೇಕ್. "ಪೂರ್ತಿ ಸವೆದುಹೋಗಿದ್ದೇನೆ. ವಾರದಿಂದ ಕಿರುಚುತ್ತಿದ್ದೇನೆ. ನಿಮಗೆ ಕಿವಿ ಇಲ್ಲವೇ?"

"ಸುಮ್ಮನಿರು. ವಿಲ್ಮಾಳ ಪಟ್ಟಿಯಲ್ಲಿ ನಿನ್ನ ಹೆಸರಿಲ್ಲ," ಎಂದಿತು ಚೀಲ.

ಮರುದಿನ ಟ್ರ್ಯಾಕಿನ ಬಾಗಿಲಲ್ಲಿ ತಪಾಸಣೆಯವರು ಚೀಲದತ್ತ ತಿರುಗಿಯೂ ನೋಡಲಿಲ್ಲ. ಚಕ್ರದ ಪಕ್ಕ ಕುಳಿತು, ಬ್ರೇಕಿಗೆ ಟಾರ್ಚ್ ಬಿಟ್ಟು, "ಇದನ್ನ ಒಳಗೆ ಬಿಡಲ್ಲ ಮೇಡಂ, ವಾಪಸ್ ತಗೊಂಡು ಹೋಗಿ," ಎಂದರು.

ವಿಲ್ಮಾ ಕಣ್ಣು ತುಂಬಿಕೊಂಡು ಬೈಕನ್ನು ಬಿಸಿಲಲ್ಲಿ ಹಿಂದಕ್ಕೆ ತಳ್ಳತೊಡಗಿದಳು.

ಚೀಲ ಸಿಟ್ಟಿನಿಂದ ಬ್ರೇಕಿನ ಕಡೆ ತಿರುಗಿತು. "ಇದನ್ನು ಮೊದಲೇ ಹೇಳಬಾರದಿತ್ತೇ?"