ಗುಲಾಬಕ್ಕನ ಎರಡು ವಿಮೆ

ಚಂಡಮಾರುತಕ್ಕೆ ಮೀನು ಮಾರುವ ಗುಲಾಬಕ್ಕನ ಮನೆಯ ಹೆಂಚು ಹಾರಿತು. ಹಿಂದೆಯೇ ಕಡಲು ನುಗ್ಗಿ ಗೋಡೆ ಕುಸಿಯಿತು. ಆದರೆ ಅವಳು ಗಾಳಿಗೊಂದು, ನೆರೆಗೊಂದು ಎಂದು ಎರಡು ಕಂಪನಿಗಳಲ್ಲಿ ವಿಮೆ ಮಾಡಿಸಿದ್ದಳು.

ತಲೆಗೆ ಕರಿಬಣ್ಣ ಬಳಿದ ಗಾಳಿ ವಿಮೆಯ ಸಾಹೇಬ ಮೂಗು ಮುಚ್ಚಿಕೊಂಡೇ ಬಂದ. "ಇದೆಲ್ಲ ನೀರಿನ ಕೆಲಸ ಅಮ್ಮಾ, ನಮ್ಮದಲ್ಲ," ಎಂದ. ಮರುದಿನ ನೆರೆ ವಿಮೆಯ ಸಾಹೇಬ ಬಂದು, "ಪೂರಾ ಗಾಳಿಯದೇ ಹಾವಳಿ," ಎಂದು ಕೈಕೊಡವಿದ.

ಮಳೆಗಾಲಕ್ಕೆ ಹದಿನೈದೇ ದಿನ ಉಳಿದಿತ್ತು. ಸೂರಿಲ್ಲದ ಮನೆಯಲ್ಲಿ ಅಳುತ್ತ ಕೂರುವ ಹೆಂಗಸೇ ಅವಳು? ಮೀನಿನ ಜೊತೆ ಊರ ಸುದ್ದಿಯನ್ನೂ ಹೊರುವವಳಿಗೆ ಒಂದು ಗುಟ್ಟು ಗೊತ್ತಿತ್ತು. ಈ ಸಾಹೇಬರಿಬ್ಬರೂ ಷಡ್ಡಕರು. ಮಾವನ ಮನೆಯ ಮದುವೆಯಲ್ಲಿ ಮೊದಲ ಪಂಕ್ತಿಗಾಗಿ ಕಿತ್ತಾಡಿ ಮಾತು ಬಿಟ್ಟವರು!

ಗಾಳಿಯವನ ಬಳಿ ಹೋಗಿ, "ನಿಮ್ಮ ಷಡ್ಡಕರು ನಿಮ್ಮನ್ನು ಸುಳ್ಳ ಅಂತಾರಲ್ಲ ಸಾಹೇಬ್ರೇ!" ಎಂದಳು. ಅವನು ಕೆರಳಿ, ನೀರೇ ಕೆಡವಿದ್ದೆಂದು ಬರೆದು ಮೊಹರು ಒತ್ತಿಕೊಟ್ಟ. ನೆರೆ ವಿಮೆಯವನಿಗೂ ಅದೇ ಕಡ್ಡಿ ಗೀರಿದಳು. ಗಾಳಿಯೇ ಕೆಡವಿದ್ದೆಂದು ಬರೆದ ಅವನು ಎರಡೆರಡು ಮೊಹರು ಒತ್ತಿದ.

ಗುಲಾಬಕ್ಕ ನೀರಿನ ಕಾಗದವನ್ನು ನೆರೆ ಕಂಪನಿಯ ಮೇಲಧಿಕಾರಿಗೆ ಕೊಟ್ಟಳು, ಗಾಳಿಯ ಕಾಗದವನ್ನು ಗಾಳಿ ಕಂಪನಿಗೆ. "ಒಪ್ಪದಿದ್ದರೆ ಷಡ್ಡಕರಿಬ್ಬರೂ ಕೋರ್ಟಿನಲ್ಲಿ ಎದುರೆದುರು ಪ್ರಮಾಣ ಮಾಡಲಿ," ಎಂದಳು. ಮಾನ ಹೋಗುವ ಭಯಕ್ಕೆ ಗಾಳಿ ಕಂಪನಿಯವರು ಹೆಂಚಿಗೆ ಕೊಟ್ಟರು, ನೆರೆ ಕಂಪನಿಯವರು ಗೋಡೆಗೆ ಕೊಟ್ಟರು.

ಷಡ್ಡಕರು ವರ್ಷಗಳ ಮೇಲೆ ಒಟ್ಟಿಗೆ, ಅದೂ ಅವಳ ಮೇಲೆ ಕೂಗಾಡಲು ಬಂದರು. "ಮೋಸ ಮಾಡಿದೆಯಲ್ಲ!"

"ಮೋಸ ಎಂತದ್ದು ಮಾರಾಯ್ರೆ? ನಿಮ್ಮಿಬ್ಬರ ಮಾತನ್ನೂ ಪೂರ್ತಿ ನಂಬಿದವಳು ಈ ಊರಲ್ಲಿ ನಾನೊಬ್ಬಳೇ."